ಹುಳಕ್ಕಿಂತ ಮೊದಲು ಮಣ್ಣು ನೋಡಬೇಕು

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಎರಡು ಆಕ್ಸೊಲಾಟಲ್ ಇವೆ. ಮೆಕ್ಸಿಕೋದ ಶೋಚಿಮಿಲ್ಕೊ ಕೆರೆ ಮೂಲದ, ದೊಡ್ಡದಾದರೂ ಕಿವಿರು ಬಿಡದೆ ನೀರಲ್ಲೇ ಬಾಳುವ ಉಭಯವಾಸಿಗಳು. (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯ ಪ್ರಾಣಿ, ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ಕೆರೆಯ ಕಪ್ಪೆಗಳನ್ನು ಹಿಡಿದು ತಂದು ಸಾಕುವುದಂತೂ ಬೇಡವೇ ಬೇಡ.) ಅಂಗಡಿಯಲ್ಲಿ ಸಿಗುವ ಕಾಳಿನಂಥ ಆಹಾರ ಹಾಕಿದರೆ ತಿನ್ನುತ್ತವೆ, ಆದರೆ ಎರೆಹುಳ ಕಂಡಾಗಿನ ಚುರುಕೇ ಬೇರೆ.

ಹುಳ ಹಿಡಿಯುವುದು ಸುಲಭ. ಯಾವ ಮಣ್ಣಿನಿಂದ ಹಿಡಿಯುತ್ತೀರಿ ಅನ್ನುವುದೇ ದೊಡ್ಡ ಮಾತು. ಎರೆಹುಳ ಮಣ್ಣನ್ನೇ ನುಂಗಿ ಬದುಕುವ ಜೀವ. ಮಣ್ಣಿಗೆ ಬಿದ್ದ ವಿಷ ಅದರ ಹೊಟ್ಟೆಯಲ್ಲೂ ಇರುತ್ತದೆ. ಪಕ್ಕದ ಮನೆಯ ಕಾಕು ಪ್ರೀತಿಯಿಂದ ಕರೆದಿದ್ದರು: "ನಮ್ಮ ಗುಲಾಬಿ ಬುಡಕ್ಕ ಭಾಳ ಹುಳ ಅದಾವ, ತಗೊಂಡು ಹೋಗಪಾ." "ಔಷಧ ಏನರೆ ಹಾಕೀರೇನ್ರಿ ಕಾಕೂ?" ಅಂತ ಕೇಳಿದೆ. "ಹೋದ ತಿಂಗಳ ಇರಿವಿ ಪುಡಿ ಉದುರಿಸೇನಿ ನೋಡು" ಅಂದರು. ಅಲ್ಲಿಂದ ಒಂದು ಹುಳವನ್ನೂ ತರಲಿಲ್ಲ. ಗೆದ್ದಲಿಗೆ ಔಷಧ ಹೊಡೆದ ತಳಪಾಯದ ಅಂಚು, ರಸ್ತೆ ಗಟಾರದ ದಂಡೆ, ಜಂತಿನ ಔಷಧ ಕುಡಿಸಿದ ದನದ ಸಗಣಿ ಬಿದ್ದ ತಿಪ್ಪೆ, ಇವೂ ಬೇಡ. ಬಚ್ಚಲ ನೀರು ಹರಿಯುವ ಬಾಳೆ ಬುಡದಲ್ಲಿ ಎಷ್ಟೇ ದಪ್ಪ ಹುಳ ಸಿಗಲಿ, ಸಾಬೂನು ಸೇರಿದ ಮಣ್ಣು ಅದು, ನಾನು ಮುಟ್ಟುವುದಿಲ್ಲ.

ನನ್ನ ಜಾಗ ಪೇರಲ ಗಿಡದ ನೆರಳು. ಒಣ ಎಲೆ, ಕಾಯಿಪಲ್ಲೆ ಸಿಪ್ಪೆ ಹರವಿ, ಮೇಲೆ ನೆನೆಸಿದ ಗೋಣಿಚೀಲ ಹಾಸಿ ಸಂಜೆ ನೀರು ಚಿಮುಕಿಸುತ್ತೇನೆ. ಬೆಳಗಾಗೆದ್ದು ಚೀಲ ಎತ್ತಿದರೆ ಹುಳ ಮೇಲ್ಮಣ್ಣಿನಲ್ಲೇ ಇರುತ್ತವೆ. ಬೆಳಕು ಬಿದ್ದ ಕೂಡಲೇ ಒಳಗೆ ಜಾರುವುದರಿಂದ ಕೈ ಚುರುಕಿರಬೇಕು. ಗುದ್ದಲಿ ಹಾಕಿದರೆ ಅರ್ಧ ಹುಳ ತುಂಡಾಗುತ್ತವೆ, ಒದ್ದೆ ಕೈಯಲ್ಲೇ ಕೆದಕುವುದು ವಾಸಿ. ಮಳೆಗಾಲದ ರಾತ್ರಿ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಹೋದರೆ ಮೇಲೆ ಬಂದವು ಬೆದರುವುದಿಲ್ಲ. ಸಾಸಿವೆ ಪುಡಿಯ ನೀರು ಸುರಿದರೆ ಹುಳ ತಾವಾಗಿಯೇ ಹೊರಬರುತ್ತವೆ ನಿಜ, ಆದರೆ ಅದು ಅವುಗಳ ಚರ್ಮ ಉರಿಸುತ್ತದೆ. ನನಗೆ ಮನಸ್ಸಾಗುವುದಿಲ್ಲ.

ಗೊಬ್ಬರದ ತೊಟ್ಟಿಯ ಪಟ್ಟೆಪಟ್ಟೆ ಕೆಂಪು ಹುಳ ಬೇರೆ ಜಾತಿ. ಮುಟ್ಟಿದರೆ ಹಳದಿ ರಸ ಬಿಡುತ್ತದೆ. ಆ ಕಹಿಗೆ ಆಕ್ಸೊಲಾಟಲ್ ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತವೆ.

ತಂದ ಹುಳವನ್ನು ಒದ್ದೆ ಕಾಗದದ ಚೂರು ತುಂಬಿದ ಡಬ್ಬಿಯಲ್ಲಿ ಒಂದೆರಡು ದಿನ ಇಡುತ್ತೇನೆ, ಹೊಟ್ಟೆಯ ಮಣ್ಣು ಹೊರಹೋಗುತ್ತದೆ. ಮುಚ್ಚಳಕ್ಕೆ ತೂತು ಬೇಕು. ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆದು, ತುಂಡು ಮಾಡಿ, ತುಂಡಿನ ದಪ್ಪ ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರದಂತೆ ನೋಡಿ ಚಿಮಟದಿಂದ ಕೊಡುತ್ತೇನೆ. ದೊಡ್ಡ ಆಕ್ಸೊಲಾಟಲ್‌ಗೆ ವಾರಕ್ಕೆ ಎರಡು ಮೂರು ಸಲ ಸಾಕು. ತಿನ್ನದೆ ಉಳಿದ ತುಂಡು ತೆಗೆಯದಿದ್ದರೆ ನೀರು ಕೆಡುತ್ತದೆ.

ಕಷ್ಟ ಬರುವುದು ಬೇಸಿಗೆಯಲ್ಲಿ. ನವಲಗುಂದ ಕಡೆಯ ಎರೆ ಹೊಲ ಬಿರುಕು ಬಿಡುವಂತೆ ನಮ್ಮ ಮಡ್ಡಿ ಮಣ್ಣೂ ಒಣಗುತ್ತದೆ, ಹುಳ ಆಳಕ್ಕೆ ಇಳಿಯುತ್ತವೆ. ಅದಕ್ಕೆ ಚಳಿಗಾಲ ಮುಗಿಯುವ ಮೊದಲೇ ಹಿತ್ತಲ ಮಣ್ಣು, ಎಲೆಗೊಬ್ಬರ ತುಂಬಿದ ಟಬ್ಬಿನಲ್ಲಿ ಒಂದಷ್ಟು ಹುಳ ಬಿಟ್ಟು, ಬಚ್ಚಲ ಪಕ್ಕದ ತಂಪಿನಲ್ಲಿ ಇಡುತ್ತೇನೆ. ಕುತ್ತಿಗೆ ಹತ್ತಿರ ದಪ್ಪ ಪಟ್ಟಿ ಮೂಡಿದವು ಮೊಟ್ಟೆಯಿಡುವ ಹುಳಗಳು. ಗೋಣಿಚೀಲದಡಿ ಸಿಕ್ಕರೆ ಅವನ್ನು ಅಲ್ಲೇ ಬಿಡುತ್ತೇನೆ, ಟಬ್ಬಿಗೆ ಬೇಕಾದಾಗ ಮಾತ್ರ ನಾಲ್ಕು ತರುತ್ತೇನೆ. ಚೀಲವನ್ನೂ ಆಗಾಗ ಬೇರೆ ಗಿಡದ ಬುಡಕ್ಕೆ ಸರಿಸುತ್ತೇನೆ.