ನೆನಪಿನ ಪುಸ್ತಿಕೆ ಮಾಡ್ತೀರಾ? ಮೊದಲು ಇಸವಿ ಹಿಡಿಯಿರಿ

ಕೆಲವು ವರ್ಷಗಳ ಹಿಂದೆ ಮಂಡ್ಯದಲ್ಲಿ ಒಂದು ಶ್ರದ್ಧಾಂಜಲಿ ಸಭೆ. ತೀರಿಕೊಂಡ ಯೂನಿಯನ್ ಮುಖಂಡರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಿದ್ದರು. ಮೂರನೇ ಸಾಲಿನಿಂದ ಒಬ್ಬ ಹಿರಿಯರು ಎದ್ದು, ‘ನಾನಿನ್ನೂ ಇವ್ನಿ ಕಣಪ್ಪೋ’ ಅಂದರು. ಸಭೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಪಟ್ಟಿ ಮಾಡಿದ್ದು ನಾನೇ.

ಆಮೇಲೆ ತೀರಿಕೊಂಡ ಯೂನಿಯನ್ ಜನರ ನೆನಪಿಗೆ ತರುವ ನಾಲ್ಕಾರು ಪುಸ್ತಿಕೆಗಳಿಗೆ ಕೈ ಹಾಕಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಭಾಷಣ, ಹಾರ, ಬ್ಯಾನರ್ ಎಲ್ಲ ಸರಿಯಾಗಿಯೇ ಇರುತ್ತದೆ. ಆ ಮನುಷ್ಯ ಏನು ಮಾಡಿದ, ಯಾವಾಗ ಮಾಡಿದ ಅನ್ನುವುದೇ ಇರುವುದಿಲ್ಲ.

ಹೆಜ್ಜೆ 1: ಪಟ್ಟಿ. ಒಂದು ಕಾರ್ಖಾನೆ ಅಥವಾ ಒಂದು ಕಸುಬು ಹಿಡಿಯಿರಿ. ಇಡೀ ಜಿಲ್ಲೆ ಅಂತ ಹೊರಟರೆ ಮುಗಿಯಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಶುಗರ್ ಒಂದೇ 1933ರಿಂದ ಇದೆ, ಮೂರು ತಲೆಮಾರಿನ ಜನ ಅಲ್ಲಿ ದುಡಿದಿದ್ದಾರೆ. ಸಾವಿನ ಸುದ್ದಿಯನ್ನು ಮನೆಯವರಿಂದಲೇ ಖಚಿತ ಮಾಡಿಕೊಳ್ಳಿ, ವಾಟ್ಸಾಪ್ ಗುಂಪಿನಿಂದ ಬೇಡ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಎಡಪಕ್ಷಗಳ ಕೆಂಬಾವುಟ, ಕಾಂಗ್ರೆಸ್ ಕಡೆಯ ಐಎನ್‌ಟಿಯುಸಿ, ಸಂಘ ಪರಿವಾರದ ಬಿಎಂಎಸ್ ಅಂತ ಯೂನಿಯನ್ನಿಗೊಂದು ಪಟ್ಟಿ ಮಾಡಬೇಡಿ. ಒಂದೇ ಪಟ್ಟಿ ಇರಲಿ, ಹೆಸರಿನ ಪಕ್ಕ ಯೂನಿಯನ್ ಬರೆಯಿರಿ. ಕ್ರಮ ತೀರಿಕೊಂಡ ದಿನಾಂಕದ ಪ್ರಕಾರವೇ ಆಗಬೇಕು. ಅಧ್ಯಕ್ಷರು ಮೊದಲು, ಖಜಾಂಚಿ ಆಮೇಲೆ ಅಂತ ಹೊರಟರೆ ಜಗಳ ಗ್ಯಾರಂಟಿ.

ಹೆಜ್ಜೆ 2: ಮನೆಗೆ ಹೋಗುವುದು. ಕಷ್ಟ ಇರುವುದು ಇಲ್ಲೇ.

‘ಅವರು ಯೂನಿಯನ್ ಸೇರಿದ್ದು ಯಾವ ಇಸವಿ?’ ಅಂತ ಕೇಳಬೇಡಿ. ಯಾರಿಗೂ ನೆನಪಿರಲ್ಲ. ಪಾಪ, ನೀವು ಇಷ್ಟು ದೂರ ಬಂದಿದ್ದೀರಲ್ಲ ಅಂತ ಬಾಯಿಗೆ ಬಂದ ಒಂದು ವರ್ಷ ಹೇಳಿಬಿಡುತ್ತಾರೆ. ಅದೇ ಅಚ್ಚಾಗಿ, ಮುಂದೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ.

ಊರಿಗೆಲ್ಲ ಗೊತ್ತಿರುವ ಘಟನೆಯ ಪಕ್ಕ ನಿಲ್ಲಿಸಿ ಕೇಳಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1. ರೈಲ್ವೆ ಮುಷ್ಕರ ಶುರುವಾಗಿದ್ದು 1974ರ ಮೇ 8. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಕಡೆಯ ಮನೆಗಳಲ್ಲಿ ಮೊದಲು ಇದನ್ನೇ ಕೇಳಿ. ಜಯಚಾಮರಾಜ ಒಡೆಯರ್ ತೀರಿಕೊಂಡಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಎಮರ್ಜೆನ್ಸಿ ಬಂದಿದ್ದು 1975ರ ಜೂನ್. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದದ್ದು 1989ರ ಫೆಬ್ರವರಿ. ಕಾವೇರಿ ಗಲಾಟೆ 1991ರ ಡಿಸೆಂಬರ್. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ‘ಎಮರ್ಜೆನ್ಸಿಗೆ ಮುಂಚೆನಾ, ಆಮೇಲಾ?’ ಅಂದರೆ ಸಾಕು, ಉತ್ತರ ತಾನಾಗಿ ಬರುತ್ತದೆ.

ಜಗಲಿಯಲ್ಲಿ ಕೂತ ಗಂಡಸರಿಗಿಂತ ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಗಸರಿಗೆ ಜಾಸ್ತಿ ಗೊತ್ತಿರುತ್ತದೆ. ಒಂದು ಮನೆಯಲ್ಲಿ ತಮ್ಮಂದಿರು ಅರ್ಧ ಗಂಟೆ ಕಿತ್ತಾಡಿದರು, ಅಣ್ಣನನ್ನು ಕೆಲಸದಿಂದ ತೆಗೆದದ್ದು ಎಪ್ಪತ್ತಾರೋ ಎಪ್ಪತ್ತೆಂಟೋ ಅಂತ. ಕಾಫಿ ತಂದ ಅಜ್ಜಿ, ‘ಆಗ ದೊಡ್ಡವಳು ಹೊಟ್ಟೇಲಿದ್ಲು. ಅಂಗಡಿಯವರು ಸಾಲ ನಿಲ್ಲಿಸಿದ್ರು, ಪಕ್ಕದ ಮನೆಯವಳು ರಾಗಿ ಹಿಟ್ಟು ಕೊಟ್ಲು’ ಅಂದರು. ಮಗಳ ವಯಸ್ಸು ಕೇಳಿದರೆ ಇಸವಿ ಸಿಕ್ಕಂತೆ. ರಾಗಿ ಹಿಟ್ಟಿನ ಮಾತನ್ನೂ ಬರೆದುಕೊಳ್ಳಿ, ಅದು ಯಾವ ಮಿನಿಟ್ಸ್ ಪುಸ್ತಕದಲ್ಲೂ ಇಲ್ಲ.

ಒಂದು ಎಚ್ಚರಿಕೆ. ಶಾಲೆಯ ಟಿ.ಸಿ.ಯಲ್ಲಿರುವ ಹುಟ್ಟಿದ ತಾರೀಕನ್ನು ಪೂರ್ತಿ ನಂಬಬೇಡಿ. ನಮ್ಮ ಕಡೆ ಹಳಬರಲ್ಲಿ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದ್ದಾರೆ. ಮೇಷ್ಟ್ರು ಬರೆಸಿದ ಜನ್ಮ ಅದು.

ಬಾಯಿಮಾತು ಮುಗಿದ ಮೇಲೆ ಕಾಗದ ಕೇಳಿ. ಸಾಮಾನ್ಯವಾಗಿ ಬೀರುವಿನ ತಳದಲ್ಲಿ ಹಳೇ ಬಿಸ್ಕತ್ ಡಬ್ಬಿಯೊಳಗೆ ಇರುತ್ತದೆ: ನೇಮಕದ ಪತ್ರ, ಪಿಎಫ್ ಚೀಟಿ, ಚಾರ್ಜ್‌ಶೀಟು, ವಜಾ ಆದೇಶ, ಚಂದಾ ರಸೀದಿ. ಕೆಲವು ಮನೆಗಳಲ್ಲಿ ಕಾರ್ಖಾನೆಯವರು ನಂಬರ್ ಹಾಕಿ ಕೊಟ್ಟ ಹಿತ್ತಾಳೆ ಟೋಕನ್ನು ಬೀಗದ ಕೈ ಗೊಂಚಲಿನಲ್ಲೇ ನೇತಾಡುತ್ತಿರುತ್ತದೆ. ಟೋಕನ್ ನಂಬರ್ ಬರೆದುಕೊಳ್ಳಿ. ಒಂದೇ ಹೆಸರಿನ ಮೂವರಿದ್ದರೆ ಅದೇ ಗತಿ. ‘ಟ್ವೆಲ್ವ್ ತ್ರೀ’ ಒಪ್ಪಂದದ ಪ್ರತಿ ಸಿಕ್ಕರೆ ಅದೃಷ್ಟ. ಲೇಬರ್ ಆಫೀಸಿನವರ ಎದುರು ಎರಡೂ ಕಡೆಯವರು ರುಜು ಹಾಕಿದ ಒಪ್ಪಂದ ಅದು. ಯಾರು ಕೂತು ಮಾತಾಡಿದರು, ಎಷ್ಟು ಸಂಬಳ ಏರಿತು ಎಲ್ಲ ಅಲ್ಲೇ ಸಿಗುತ್ತದೆ. ನೋಂದಾಯಿತ ಯೂನಿಯನ್‌ಗಳು 1926ರ ಟ್ರೇಡ್ ಯೂನಿಯನ್ ಕಾಯ್ದೆ ಪ್ರಕಾರ ಲೆಕ್ಕಪತ್ರದ ಜೊತೆ ಪದಾಧಿಕಾರಿಗಳ ಬದಲಾವಣೆಯನ್ನೂ ವರ್ಷವರ್ಷ ರಿಜಿಸ್ಟ್ರಾರರಿಗೆ ಕಳಿಸಬೇಕಿತ್ತು. ಯೂನಿಯನ್ ಆಫೀಸಿನಲ್ಲಿ ಅದರ ನಕಲು ಉಳಿದಿದೆಯಾ ನೋಡಿ.

ಕಾರ್ಖಾನೆಯೇ ಇಲ್ಲದ ಕಡೆ ಈ ಡಬ್ಬಿಗಳೇ ದಿಕ್ಕು. ಮೈಸೂರಿನ ಮೋಟಾರ್ ಸೈಕಲ್ ಕಾರ್ಖಾನೆ ಐಡಿಯಲ್ ಜಾವಾ 1996ರಲ್ಲೇ ಮುಚ್ಚಿತು. ಗೇಟ್ ಮೀಟಿಂಗ್ ಎಲ್ಲಿ ನಡೆಯುತ್ತಿತ್ತು ಅಂತ ತೋರಿಸುವವರೂ ಈಗ ಕಡಿಮೆ. ಬೀಡಿ, ಊದುಬತ್ತಿ ಕೆಲಸದ ಹೆಂಗಸರದ್ದು ಇನ್ನೂ ಕಷ್ಟ. ಅವರಲ್ಲಿ ಎಷ್ಟೋ ಜನರಿಗೆ ಗೇಟೂ ಇಲ್ಲ, ಟೋಕನ್ನೂ ಇಲ್ಲ. ಅಂಗನವಾಡಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದೇ ತಿ. ನರಸೀಪುರಕ್ಕೆ, 1975ರಲ್ಲಿ. ಆ ಕಾಲದ ಕಾರ್ಯಕರ್ತೆಯರ ಬಗ್ಗೆ ಬರೆಯುವವರು ಬೇಗ ಹೊರಡಿ, ಹೇಳುವವರು ಇನ್ನೂ ಇದ್ದಾರೆ.

ಹೆಜ್ಜೆ 3: ಫೋಟೊ. ಹಳೇ ಫೋಟೊ ಫ್ರೇಮಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ಮೊಬೈಲಿನಿಂದ ತೆಗೆಯಿರಿ. ಸ್ಟುಡಿಯೋದವರು ಲ್ಯಾಮಿನೇಶನ್ ಮಾಡಿಕೊಡ್ತೀವಿ ಅಂತಾರೆ. ಬೇಡ ಅನ್ನಿ. ಬಿಸಿಗೆ ಫೋಟೊ ಹಾಳಾದರೆ ಮತ್ತೆ ಬಿಡಿಸಲು ಆಗಲ್ಲ. ಸೆಲ್ಲೋಟೇಪೂ ಬೇಡ, ಹಳದಿಯಾಗುತ್ತದೆ. ಹಿಂಬದಿ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಸಾಕು.

ಹೆಜ್ಜೆ 4: ಬರೆಯುವುದು. ಒಬ್ಬರಿಗೆ ಅರ್ಧ ಪುಟ. ‘ಸರಳ ಸಜ್ಜನಿಕೆಯ ಧೀಮಂತ ನಾಯಕ’ ಅಂತ ಬರೆದಿದ್ದರೆ ಹೊಡೆದು ಹಾಕಿ, ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ‘ಕ್ಯಾಂಟೀನಿನ ಅನ್ನದಲ್ಲಿ ಕಲ್ಲು ಸಿಕ್ಕಾಗ ತಟ್ಟೆ ಸಮೇತ ಮ್ಯಾನೇಜರ್ ರೂಮಿಗೆ ಹೋದವರು’ ಅಂತ ಬರೆದರೆ ಅದು ಅವರೊಬ್ಬರಿಗೇ. ಅಚ್ಚಿಗೆ ಮುಂಚೆ ಮನೆಯವರಿಗೆ ಓದಿ ಹೇಳಿ. ಕುಡಿತ, ಸಾಲ, ಎರಡನೇ ಸಂಸಾರದ ವಿಷಯ ಅವರು ಬೇಡ ಅಂದರೆ ಬೇಡ. ಮುಷ್ಕರದ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಹೆಜ್ಜೆ 5: ಸಭೆ. ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಮೇ 1 ಬೇಡ, ಅವತ್ತು ಎಲ್ಲರೂ ಮೆರವಣಿಗೆಯಲ್ಲಿರುತ್ತಾರೆ. ಫ್ಲೆಕ್ಸ್ ಬೇಡ, ಬಟ್ಟೆ ಮೇಲೆ ಬ್ರಷ್ಷಿನಲ್ಲಿ ಬರೆಸಿ. ಮಾತು ತಲಾ ಮೂರು ನಿಮಿಷ. ಒಂದು ನಿಮಿಷದ ಮೌನಕ್ಕೆ ಗಡಿಯಾರ ಹಿಡಿದು ಒಬ್ಬರನ್ನು ನಿಲ್ಲಿಸಿ, ಇಲ್ಲದಿದ್ದರೆ ಇಪ್ಪತ್ತು ಸೆಕೆಂಡಿಗೇ ಕೂತುಬಿಡುತ್ತಾರೆ.

ಪುಸ್ತಿಕೆಯ ಒಂದೊಂದು ಪ್ರತಿ ಆಯಾ ಮನೆಗೆ, ಎರಡು ಲೈಬ್ರರಿಗೆ. ಉಳಿದದ್ದನ್ನು ಬಾಗಿಲಲ್ಲಿ ಹತ್ತು ರೂಪಾಯಿಗೆ ಇಡಿ. ಪುಕ್ಕಟೆ ಹಂಚಿದರೆ ಕೇಸರಿಬಾತ್ ತಟ್ಟೆಯ ಕೆಳಗೆ ಹೋಗುತ್ತದೆ, ನಾನೇ ನೋಡಿದ್ದೇನೆ.