ಹೊರದೇಶದ ಫುಟ್‌ಬಾಲ್ ಕ್ಲಬ್‌ಗೆ ಸಹಿ ಹಾಕುವಾಗ ನಾನು ನೋಡಿಕೊಳ್ಳುವ ಕಾಗದಗಳು

ಕಾಂಟ್ರಾಕ್ಟ್ ಕೈಗೆ ಬಂದಾಗ ನಾನು ಮೊದಲು ತೆಗೆಯುವುದು ಷರತ್ತುಗಳ ಪುಟ, ಸಂಬಳದ ಪುಟ ಆಮೇಲೆ. ಮೆಡಿಕಲ್ ಪಾಸಾದರೆ ಮಾತ್ರ, ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಸಾಲು ಅಲ್ಲಿ ಇರಬಾರದು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ವರ್ಗಾವಣೆ ನಿಯಮಗಳ 18ನೇ ವಿಧಿ ಅಂಥ ಷರತ್ತನ್ನು ಒಪ್ಪುವುದಿಲ್ಲ. ಹಾಗಾಗಿ ಮೆಡಿಕಲ್ ಮುಗಿಸಿಕೊಂಡೇ ಸಹಿ ಹಾಕುತ್ತೇನೆ, ಪರ್ಮಿಟ್ ಸಿಗುವ ಲೆಕ್ಕವನ್ನೂ ಮುಂಚೆಯೇ ಹಾಕುತ್ತೇನೆ.

ಪರ್ಮಿಟ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2009ರಲ್ಲಿ ಭಾರತ ತಂಡದ ಫಾರ್ವರ್ಡ್ ಸುನಿಲ್ ಚೆಟ್ರಿಗೆ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮೂರು ವರ್ಷದ ಒಪ್ಪಂದವಾಗಿತ್ತು. ಭಾರತ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರೊಳಗೆ ಇಲ್ಲವೆಂದು ಬ್ರಿಟನ್ ಪರ್ಮಿಟ್ ಕೊಡಲಿಲ್ಲ. ಆದರೆ ಈಗ ಬೆಂಗಳೂರು ಎಫ್‌ಸಿಯಲ್ಲಿರುವ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿ, 2016ರಲ್ಲಿ ಯುರೋಪಾ ಲೀಗ್‌ನ ಅರ್ಹತಾ ಪಂದ್ಯದಲ್ಲಿ ಗೋಲು ಕಾದರು. ನಮ್ಮ ಪಾಸ್‌ಪೋರ್ಟ್‌ಗೆ ಯಾವ ದೇಶದ ಬಾಗಿಲು ತೆರೆಯುತ್ತದೆ ಎಂದು ನೋಡಿಕೊಂಡೇ ಕ್ಲಬ್ ಹುಡುಕುವುದು ಒಳ್ಳೆಯದು. ಹದಿನೆಂಟು ತುಂಬದವರ ವರ್ಗಾವಣೆಗಂತೂ ಬೆರಳೆಣಿಕೆಯ ವಿನಾಯಿತಿಗಳಷ್ಟೇ ಇವೆ. ಆ ವಯಸ್ಸಿನ ಹುಡುಗನಿಗೆ ಟ್ರಯಲ್ಸ್ ಎಂದು ದುಡ್ಡು ಕೇಳುವವರನ್ನು ದೂರವಿಡಿ.

ಸಹಿ ಬಿದ್ದಮೇಲೂ ಐಟಿಸಿ, ಅಂದರೆ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ, ಬಾರದೆ ಅಧಿಕೃತ ಪಂದ್ಯ ಆಡುವಂತಿಲ್ಲ. ಹೊಸ ಕ್ಲಬ್ ಫಿಫಾದ ಟಿಎಂಎಸ್‌ಗೆ, ಅಂದರೆ ವರ್ಗಾವಣೆಗಳ ಆನ್‌ಲೈನ್ ವ್ಯವಸ್ಥೆಗೆ, ಕಾಂಟ್ರಾಕ್ಟ್, ಗುರುತಿನ ಪತ್ರ, ಹಳೇ ಒಪ್ಪಂದ ಮುಗಿದ ದಾಖಲೆಗಳನ್ನು ಏರಿಸುತ್ತದೆ. ಆಮೇಲೆ ಅಲ್ಲಿನ ಫೆಡರೇಶನ್ ನಮ್ಮ ಫೆಡರೇಶನ್ನನ್ನು ಐಟಿಸಿ ಕೇಳುತ್ತದೆ. ಇದಕ್ಕೆ ಶುಲ್ಕವಿಲ್ಲ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ: ಲೀಗ್ ನೋಂದಣಿಯಲ್ಲಿ ‘ಮಂಜುನಾಥ್ ಕೆ.’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ್ ಕೃಷ್ಣಪ್ಪ’. ವಿಂಡೋ, ಅಂದರೆ ವರ್ಗಾವಣೆಗೆ ಅವಕಾಶವಿರುವ ಅವಧಿ, ಮುಚ್ಚಲು ಎರಡು ದಿನವಿರುವಾಗ ಇನಿಶಿಯಲ್ ಬಿಡಿಸಿ ಹೇಳುತ್ತ ಕೂರುವ ಬದಲು, ತಿಂಗಳ ಮುಂಚೆಯೇ ಎರಡನ್ನೂ ಒಂದು ಮಾಡಿಸಿ.

ಪ್ಲೇಯರ್ ಪಾಸ್‌ಪೋರ್ಟ್ ಬೇರೆಯದೇ ದಾಖಲೆ. ಹನ್ನೆರಡನೇ ವಯಸ್ಸಿನಿಂದ ಯಾವ ಯಾವ ಕ್ಲಬ್‌ಗೆ ಆಡಿದ್ದೀರಿ ಎಂಬುದು ಅದರಲ್ಲಿರುತ್ತದೆ. ಒಪ್ಪಂದದ ನಡುವೆ ಶುಲ್ಕ ಕೊಟ್ಟು ಬೇರೆ ದೇಶದ ಕ್ಲಬ್ ನಿಮ್ಮನ್ನು ಕೊಂಡರೆ, ಆ ಮೊತ್ತದ ಶೇ 5ರಷ್ಟು ನಿಮ್ಮನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಹೋಗುತ್ತದೆ. 12ರಿಂದ 15ರ ವಯಸ್ಸಿಗೆ ವರ್ಷಕ್ಕೆ ಶೇ 0.25, 16ರಿಂದ 23ಕ್ಕೆ ಶೇ 0.5. ಒಂದು ಕೋಟಿಯ ವರ್ಗಾವಣೆಯಲ್ಲಿ, ಮೊದಲ ನಾಲ್ಕು ವರ್ಷ ಕಲಿಸಿದ ಊರಿನ ಕ್ಲಬ್‌ಗೆ ಒಂದು ಲಕ್ಷ. ಚೆಂಡು, ಬಲೆ, ಬೂಟು ಕೊಳ್ಳಲು ಪರದಾಡುವ ಕ್ಲಬ್‌ಗೆ ಅದು ದೊಡ್ಡ ಹಣ. ಆ ವರ್ಷಗಳ ನೋಂದಣಿ ದಾಖಲೆಯೇ ಇಲ್ಲದಿದ್ದರೆ ಅದು ಕೈತಪ್ಪುತ್ತದೆ. ಅದಕ್ಕೇ ಹಳೇ ಕೋಚ್‌ಗೆ ಈಗಲೇ ಒಂದು ಫೋನ್ ಮಾಡಿ.

ಸಂಬಳದಲ್ಲಿ ಕೇಳಬೇಕಾದ್ದು ತೆರಿಗೆ ಕಳೆದ ಮೇಲಿನ ನೆಟ್ ಮೊತ್ತವೋ ಕಳೆಯುವ ಮುಂಚಿನ ಗ್ರಾಸ್ ಮೊತ್ತವೋ, ಯಾವ ಕರೆನ್ಸಿ, ತಿಂಗಳ ಯಾವ ತಾರೀಖು. ಬಾಡಿಗೆ, ವಿಮಾನದ ಟಿಕೆಟ್, ಗಾಯವಾದರೆ ಆಪರೇಷನ್ ಖರ್ಚು ಯಾರದೆಂಬುದು ಕಾಂಟ್ರಾಕ್ಟ್‌ನಲ್ಲೇ ಇರಲಿ, ವಾಟ್ಸಾಪ್ ಮಾತು ನೆಚ್ಚಬೇಡಿ. ತೆರಿಗೆಯ ಲೆಕ್ಕವೂ ಉಂಟು. ಜನವರಿ ವಿಂಡೋದಲ್ಲಿ ಹೋದರೆ ಆ ಹಣಕಾಸು ವರ್ಷದಲ್ಲಿ ಆಗಲೇ 182 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಕಳೆದಿರುತ್ತೀರಿ. ಆಗ ಇಲ್ಲಿಯ ನಿವಾಸಿಯೆಂದೇ ಲೆಕ್ಕ, ಅಲ್ಲಿನ ಸಂಬಳವನ್ನೂ ಇಲ್ಲಿ ತೋರಿಸಬೇಕು. ಕ್ಲಬ್‌ನಿಂದ ತೆರಿಗೆ ಕಟ್ಟಿದ ಪತ್ರ ಪಡೆದಿಟ್ಟುಕೊಳ್ಳಿ.

ಸಂಬಳ ನಿಂತರೆ ಸಿಟ್ಟಿನಲ್ಲಿ ವಿಮಾನ ಹತ್ತಬೇಡಿ. ಸಕಾರಣವಿಲ್ಲದೆ ಬಿಟ್ಟರೆ ಪರಿಹಾರ ನೀವೇ ತೆರಬೇಕು, ನಿಷೇಧವೂ ಬೀಳಬಹುದು. ಎರಡು ತಿಂಗಳ ಸಂಬಳ ಬಾಕಿಯಾದ ಮೇಲೆ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ನೋಟಿಸ್ ಚಿಕ್ಕದಿರಲಿ: ‘ಕಾಂಟ್ರಾಕ್ಟ್‌ನ ಇಂಥ ಕಲಮಿನಂತೆ ಸೆಪ್ಟೆಂಬರ್, ಅಕ್ಟೋಬರ್ ಸಂಬಳ ಇಷ್ಟು ಯೂರೋ ಬಾಕಿ. ಈ ಪತ್ರ ತಲುಪಿದ 15 ದಿನದೊಳಗೆ ಈ ಖಾತೆಗೆ ಪಾವತಿಸಿ. ತಪ್ಪಿದರೆ ಫಿಫಾ ವರ್ಗಾವಣೆ ನಿಯಮಗಳ 14 ಬಿಸ್ ವಿಧಿಯಂತೆ ಒಪ್ಪಂದ ರದ್ದುಪಡಿಸುತ್ತೇನೆ.’ ಕ್ಲಬ್‌ನ ಅಧಿಕೃತ ಇಮೇಲ್‌ಗೂ ಕೊರಿಯರ್‌ನಲ್ಲೂ ಕಳಿಸಿ, ರಸೀದಿ ಇಡಿ. ಅಷ್ಟೂ ದಿನ ಅಭ್ಯಾಸಕ್ಕೆ ತಪ್ಪದೆ ಹೋಗಿ. ಗೈರಾದರೆ ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ. ಘಟನೆ ನಡೆದು ಎರಡು ವರ್ಷ ದಾಟಿದರೆ ಇಂಥ ವ್ಯಾಜ್ಯ ನೋಡುವ ಫಿಫಾ ಟ್ರಿಬ್ಯುನಲ್ ದೂರನ್ನೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ನೋಟಿಸ್ ಕಳಿಸಿದ ದಿನವೇ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಕಾಂಟ್ರಾಕ್ಟ್ ಜೊತೆ ಒಂದೇ ಫೈಲಿನಲ್ಲಿಡಿ.