ಬಚ್ಚಲ ಒಲೆಗೆ ಬಿದ್ದ ಸೈಲೆನ್ಸರ್

ಹೆಬ್ರಿಯ ಮಾವನ ಮನೆಯಿಂದ ಹೊರಡುವಾಗ ಅತ್ತೆ ಕೊಡುವ ಚೀಲದಲ್ಲಿ ಏನಿದೆ ಎಂದು ನಾನು ಕೇಳುತ್ತಿರಲಿಲ್ಲ, ಎತ್ತಿ ತೂಕ ನೋಡುತ್ತಿದ್ದೆ. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ, 14 ತಿರುವು. ಅಪ್ಪ 1995ರಲ್ಲಿ ಕೊಂಡಿದ್ದ ಎಲ್‌ಎಂಎಲ್ ಎನ್‌ವಿ ಸ್ಕೂಟರು ಮೂರನೆಯ ತಿರುವಿಗೇ ಮೊದಲನೆಯ ಗೇರಿಗೆ ಇಳಿದುಬಿಡುತ್ತಿತ್ತು. ಒಮ್ಮೆ ಎರಡು ಹಲಸಿನ ಹಣ್ಣು ಹೇರಿಕೊಂಡು ಬಂದಾಗ ಹೆಂಡತಿ ಎಂಟನೆಯ ತಿರುವಿನಲ್ಲಿ ಇಳಿದು, "ನೀವು ಹಣ್ಣು ಕರೆದುಕೊಂಡು ಮುಂದೆ ಹೋಗಿ, ನಾನು ನಡೆದು ಬರುತ್ತೇನೆ" ಎಂದಳು. ಎಂಜಿನ್ ಬಿಚ್ಚಬೇಕೆಂದು ತೀರ್ಮಾನಿಸಿದ್ದು ಅಲ್ಲಿಯೇ.

ಬಿಚ್ಚಬೇಕು ಎಂದು ತೀರ್ಮಾನಿಸಿದ್ದು ಸರಿ. ಮೊದಲು ಏನು ಮಾಡಬೇಕು ಎಂಬುದರಲ್ಲಿ ತಪ್ಪಿದೆ.

ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 57.8 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 57 ಮಿ.ಮೀ.; ಲೆಕ್ಕ ಹಾಕಿದರೆ 149.6 ಸಿ.ಸಿ. ಇಟಲಿಯ ವೆಸ್ಪಾ ಪಿಎಕ್ಸ್‌ನ ವಂಶದ್ದೇ ಆದ್ದರಿಂದ ಪಿಎಕ್ಸ್‌ಗೆಂದು ಯುರೋಪಿನಲ್ಲಿ ಮಾಡುವ 63 ಮಿ.ಮೀ. ಸಿಲಿಂಡರ್ ಕಿಟ್ ಇದಕ್ಕೂ ಕೂರುತ್ತದೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಅದೇ, ಅದನ್ನು ಹೊತ್ತ ಹೊರಕವಚವಾದ ಕೇಸ್ ಅದೇ, ಬದಲಾಗುವುದು ಸಿಲಿಂಡರ್ ಮತ್ತು ಪಿಸ್ಟನ್ ಮಾತ್ರ. ಆಗ ಅದು 177 ಸಿ.ಸಿ. ಆಗುತ್ತದೆ. ಸುಮಾರು ಶೇ. 19ರಷ್ಟು ಹೆಚ್ಚು ಹೊಟ್ಟೆ. ಕಾಗದದ ಮೇಲಿನ ಆ ಲೆಕ್ಕ ನೋಡಿ ನನಗೆ ತಡೆದುಕೊಳ್ಳಲಾಗಲಿಲ್ಲ. ಅಲ್ಯೂಮಿನಿಯಂ ಬಿಟ್ಟು ಎರಕದ ಕಬ್ಬಿಣದ ಸಿಲಿಂಡರನ್ನೇ ತರಿಸಿದೆ. ಅಲ್ಯೂಮಿನಿಯಂ ಬೇಗ ತಣಿಯುತ್ತದೆ ನಿಜ, ಆದರೆ ಅದರ ಒಳಲೇಪನ ಕಿತ್ತುಬಂದರೆ ತೀರ್ಥಹಳ್ಳಿಯಲ್ಲಿ ಅದನ್ನು ಸರಿಮಾಡುವವರಿಲ್ಲ. ಕಬ್ಬಿಣವಾದರೆ ಶಿವಮೊಗ್ಗದ ಯಾವ ಲೇತ್ ಅಂಗಡಿಯಲ್ಲಾದರೂ ಮತ್ತೆ ಬೋರ್ ಹೊಡೆಸಬಹುದು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆರ್.ಸಿ.ಯಲ್ಲಿ ಬರೆದಿರುವುದಕ್ಕೂ ಎಂಜಿನ್ನಿನಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಬೀಳಬಹುದು. ಅಪಘಾತವಾದರೆ ವಿಮೆಯವರು ಏನು ಹೇಳುತ್ತಾರೆ ಎಂಬ ಚಿಂತೆ ಬೇರೆ. ಹಾಗಾಗಿ 177 ಸಿ.ಸಿ.ಯ ಎಂಜಿನ್ ಓಡಿದ್ದು ನಮ್ಮ ದೊಡ್ಡಪ್ಪನ ತೋಟದೊಳಗಿನ ಖಾಸಗಿ ದಾರಿಯಲ್ಲಿ ಮಾತ್ರ. ಗೇಟಿನಿಂದ ಮನೆಯ ಅಂಗಳಕ್ಕೆ 1.1 ಕಿ.ಮೀ. ಏರು. ನನ್ನ ಎಲ್ಲ ಪರೀಕ್ಷೆಗಳೂ ಅಲ್ಲಿಯೇ ನಡೆದವು: ಹಿಂದಿನ ಸೀಟಿಗೆ 50 ಕಿಲೋ ಅಕ್ಕಿಯ ಮೂಟೆ ಬಿಗಿದು, ಗೇಟಿನ ಬಳಿ ನಿಂತಲ್ಲಿಂದ ಹೊರಟು, ಅಂಗಳ ಮುಟ್ಟುವವರೆಗೆ ಗಡಿಯಾರ ನೋಡುವುದು. ಏನನ್ನೂ ಮುಟ್ಟದೆ ಇದ್ದ ಹಳೆಯ ಎಂಜಿನ್ ತೆಗೆದುಕೊಂಡದ್ದು 2 ನಿಮಿಷ 50 ಸೆಕೆಂಡು. ನನ್ನ ಪ್ರಯೋಗಶಾಲೆ ಇಷ್ಟೇ.

ಸಿಲಿಂಡರ್ ಬದಲಿಸುವುದು ಕಷ್ಟದ ಕೆಲಸವಲ್ಲ. ಸೈಲೆನ್ಸರ್ ಮತ್ತು ಗಾಳಿ ಮುಸುಕನ್ನು ತೆಗೆದು, ಹಿಂದಿನ ಶಾಕ್‌ನ ಕೆಳಬೋಲ್ಟ್ ಬಿಚ್ಚಿದರೆ ಎಂಜಿನ್ ಕೆಳಕ್ಕೆ ಜೋಲುತ್ತದೆ. ಸಿಲಿಂಡರಿನ ಮುಚ್ಚಳವಾದ ಹೆಡ್‌ನ ನಾಲ್ಕು ನಟ್ ಸಡಿಲಿಸಿ ಸಿಲಿಂಡರನ್ನು ಹೊರಕ್ಕೆ ಎಳೆಯಬಹುದು. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ತೆಗೆಯುವ ಮೊದಲು ಕೇಸ್‌ನ ಬಾಯಿಗೆ ಬಟ್ಟೆ ತುರುಕಬೇಕು. ಆ ಸಣ್ಣ ತಂತಿ ಒಳಕ್ಕೆ ಬಿದ್ದರೆ ಇಡೀ ಎಂಜಿನ್ ಬಿಚ್ಚದೆ ಹೊರಬರುವುದಿಲ್ಲ. ಹಳೆಯ ಸರ್ಕ್ಲಿಪ್ಪನ್ನು ಮತ್ತೆ ಹಾಕುವ ಜಿಪುಣತನವನ್ನಂತೂ ಮಾಡಲೇಬಾರದು. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ಹೊಸ ಸಿಲಿಂಡರಿನ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿಗಳ ಅಂಚು ಕತ್ತಿಯಂತಿತ್ತು. ಪಿಸ್ಟನ್ ಸುತ್ತಲಿನ ರಿಂಗ್ ಅದಕ್ಕೆ ಸಿಕ್ಕಿಕೊಳ್ಳದಿರಲೆಂದು ನಯವಾದ ಎಮರಿ ಕಾಗದದಲ್ಲಿ ಒಂದೊಂದು ಅಂಚನ್ನೂ ಮೊಂಡು ಮಾಡಿದೆ. ಅದಕ್ಕೇ ಒಂದು ಸಂಜೆ ಹೋಯಿತು.

ನಂತರದ್ದು ನನಗೆ ಬಹಳ ಹಿಡಿಸಿದ ಕೆಲಸ. ಪಿಸ್ಟನ್ ಪೂರ್ತಿ ಮೇಲಕ್ಕೆ ಬಂದಾಗ ಅದರ ಅಂಚಿಗೂ ಹೆಡ್‌ಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂದು ಅಳೆಯುವುದು. ರೇಡಿಯೋ ರಿಪೇರಿಯವರು ಬಳಸುವ ಸೋಲ್ಡರ್ ತಂತಿಯನ್ನು ಪ್ಲಗ್ಗಿನ ತೂತಿನಿಂದ ತೂರಿಸಿ ಸಿಲಿಂಡರಿನ ಗೋಡೆಗೆ ತಾಗಿಸಿ ಹಿಡಿದು, ಮ್ಯಾಗ್ನೆಟ್ಟನ್ನು, ಅಂದರೆ ಕ್ರ್ಯಾಂಕಿನ ತುದಿಯ ಚಕ್ರವನ್ನು, ಕೈಯಿಂದ ತಿರುಗಿಸಿದರೆ ತಂತಿ ಚಪ್ಪಟೆಯಾಗುತ್ತದೆ. ಅದರ ದಪ್ಪವೇ ಸಂದಿನ ಅಳತೆ. ನನಗೆ ಸಿಕ್ಕಿದ್ದು 2.2 ಮಿ.ಮೀ. ಸಂದು ಇಷ್ಟು ದೊಡ್ಡದಾದರೆ ಅಂಚಿನಲ್ಲಿ ಉಳಿದ ಪೆಟ್ರೋಲ್-ಗಾಳಿಯ ಮಿಶ್ರಣ ಕೊನೆಗೆ ಉರಿಯುತ್ತದೆ, ಶಾಖ ಹೆಚ್ಚುತ್ತದೆ, ಬಲ ಕಡಿಮೆಯಾಗುತ್ತದೆ. ತೀರ ಸಣ್ಣದಾದರೆ ಕ್ರ್ಯಾಂಕ್ ಬಿಸಿಯಾಗಿ ಹಿಗ್ಗಿದಾಗ ಪಿಸ್ಟನ್ ಹೆಡ್‌ಗೆ ಗುದ್ದುತ್ತದೆ. ಲೇತ್‌ನಲ್ಲಿ ಹೆಡ್‌ನಿಂದ 0.6 ಮಿ.ಮೀ. ತೆಗೆಸಿದೆ. ಇನ್ನೂ ತೆಗೆಯೋಣವೇ ಎಂದು ಲೇತ್‌ನವರು ಕೇಳಿದಾಗ ಬೇಡ ಎಂದೆ. ಆ ತಿಂಗಳಲ್ಲಿ ನಾನು ತೋರಿಸಿದ ಒಂದೇ ವಿವೇಕ ಅದು.

ಜೋಡಿಸಿ, ಕಿಕ್ ಹೊಡೆದು, ಲೀಟರಿಗೆ 20 ಮಿ.ಲೀ. ಟು-ಟಿ ಆಯಿಲ್ ಬೆರೆಸಿದ ಪೆಟ್ರೋಲಿನಲ್ಲಿ ತೋಟದೊಳಗೆ ನಿಧಾನವಾಗಿ ಓಡಿಸಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮುಖ್ಯ ಜೆಟ್ಟಿನ ತೂತಿನ ನಂಬರು ಮೊದಲು 100 ಇತ್ತು. ದೊಡ್ಡ ಹೊಟ್ಟೆಗೆ ಹೆಚ್ಚು ಊಟ ಬೇಕೆಂದು 108 ಹಾಕಿದ್ದೆ. ಕೆಳಗಿನ ಎಳೆತ ಎಷ್ಟು ಚೆನ್ನಾಗಿತ್ತೆಂದರೆ ದೊಡ್ಡಪ್ಪ ಅಂಗಳದಲ್ಲಿ ನಿಂತು, "ಇದಕ್ಕೆ ಈಗ ಎತ್ತಿನ ಬೆಲೆ ಬಂತು" ಎಂದರು. ಒಂದು ಸಣ್ಣ ಸಂಗತಿ ಮಾತ್ರ ಕಿವಿಗೆ ಬೀಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ತಕ್ಷಣ ತಗ್ಗದೆ, ಎರಡು ಮೂರು ಸೆಕೆಂಡು ಹಾಗೆಯೇ ಗುಂಯ್ ಎನ್ನುತ್ತಿತ್ತು. ಕೇಬಲ್ ಬಿಗಿಯಾಗಿರಬೇಕು ಎಂದುಕೊಂಡು ಎಣ್ಣೆ ಬಿಟ್ಟು ಸುಮ್ಮನಾದೆ.

ಮೂರನೆಯ ವಾರ, ಹೊಸ ಸಿಲಿಂಡರನ್ನು ಪಳಗಿಸುವ ರನ್ನಿಂಗ್ ಇನ್ ಮುಗಿಯಿತೆಂದು ಅಕ್ಕಿ ಮೂಟೆ ಬಿಗಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತಿದೆ. ಮುಕ್ಕಾಲು ದಾರಿಯಲ್ಲಿ ಶಬ್ದ ಒಮ್ಮೆಲೇ ಒಣಗಿದಂತಾಯಿತು. ಅದಾದ ಮರುಕ್ಷಣ ಹಿಂದಿನ ಚಕ್ರ ಕಚ್ಚಿ ನಿಂತಿತು. ಟು ಸ್ಟ್ರೋಕ್ ಓಡಿಸಿದವರ ಎಡಗೈಗೆ ಒಂದು ಭಯ ಅಂಟಿಕೊಂಡಿರುತ್ತದೆ. ಆ ಭಯವೇ ಕ್ಲಚ್ ಹಿಡಿಯಿತು. ಬೀಳಲಿಲ್ಲ. ಅಕ್ಕಿ ಮೂಟೆ ಬಿತ್ತು.

ಬಿಚ್ಚಿ ನೋಡಿದರೆ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಮಾತ್ರ ಒರೆಸಿ ಬಳಿದಂತಾಗಿತ್ತು, ಬೇರೆ ಕಡೆ ಗೀರೂ ಇರಲಿಲ್ಲ. ಸುತ್ತಲೂ ನಾಲ್ಕು ಕಡೆ ಗೀರು ಬಿದ್ದಿದ್ದರೆ ಪಿಸ್ಟನ್‌ಗೆ ಸಿಲಿಂಡರ್ ಬಿಗಿಯಾಗಿ ಬೋರ್ ಆಗಿದೆ ಅಥವಾ ಎಂಜಿನ್ ಕಾಯುವ ಮೊದಲೇ ಎಳೆದಿದ್ದೇವೆ ಎಂದು ಅರ್ಥ. ಒಂದೇ ಕಡೆ, ಅದೂ ಸೈಲೆನ್ಸರಿನ ಕಡೆ ಆಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಗಾಳಿ ಹೆಚ್ಚಾಗಿ, ಅತಿ ಶಾಖದಿಂದ ಕಚ್ಚಿದೆ ಎಂದು ತಿಳಿಯಬೇಕು. ಜೆಟ್ ದೊಡ್ಡದು ಹಾಕಿದ್ದೆನಲ್ಲ, ಹಾಗಾದರೆ ಈ ಹೆಚ್ಚಿನ ಗಾಳಿ ಎಲ್ಲಿಂದ ಬಂತು?

ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಗುಂಯ್ ಎನ್ನುವ ವಿಷಯ ಹೇಳಿದೆ. "ಅದು ನಿಮ್ಮನ್ನು ಮೂರು ವಾರ ಕರೆದಿದೆ, ನೀವು ಓಗೊಡಲಿಲ್ಲ" ಎಂದರು. ಅವರು ಹೇಳಿಕೊಟ್ಟಂತೆ ಸೈಲೆನ್ಸರ್ ಕಿಂಡಿಯನ್ನೂ ಕಾರ್ಬ್ಯುರೇಟರಿನ ಬಾಯನ್ನೂ ರಬ್ಬರ್ ಹಾಳೆ ಮತ್ತು ತಗಡಿನಿಂದ ಮುಚ್ಚಿ, ಪ್ಲಗ್ಗಿನ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿದೆ. ಐದಾರು ಪಿ.ಎಸ್.ಐ. ಸಾಕು, ಹೆಚ್ಚು ಕೊಟ್ಟರೆ ಕ್ರ್ಯಾಂಕಿನ ಸುತ್ತ ಸೋರಿಕೆ ತಡೆಯುವ ರಬ್ಬರ್ ಬಳೆ, ಅಂದರೆ ಸೀಲು, ಸರಿಯಿದ್ದರೂ ಜಾಗ ಬಿಡುತ್ತದೆ. ಮ್ಯಾಗ್ನೆಟ್ ತೆಗೆದು ಸಾಬೂನು ನೀರು ಹಚ್ಚಿದರೆ ಕ್ರ್ಯಾಂಕಿನ ಸುತ್ತ ನೊರೆ ಎದ್ದಿತು. ಮೂವತ್ತು ವರ್ಷದ ಆಯಿಲ್ ಸೀಲ್ ಕಲ್ಲಾಗಿತ್ತು. ಗೇರ್ ಆಯಿಲ್ ಹಾಕುವ ತೂತಿಗೆ ಕಿವಿಯಿಟ್ಟರೆ ಅಲ್ಲಿಯೂ ಸಣ್ಣಗೆ ಬುಸ್ ಎನ್ನುತ್ತಿತ್ತು. ಅಂದರೆ ಕ್ಲಚ್ ಕಡೆಯ ಸೀಲೂ ಹೋಗಿತ್ತು. ಮ್ಯಾಗ್ನೆಟ್ ಕಡೆಯದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕ್ಲಚ್ ಕಡೆಯದು ಗೇರ್ ಆಯಿಲನ್ನು ಎಳೆದು ಸುಟ್ಟು ಬಿಳಿ ಹೊಗೆ ಬಿಡುತ್ತದೆ. ಸ್ಕೂಟರಿಗೆ ವಯಸ್ಸಾಗಿದೆ ಎಂದು ಇಷ್ಟು ವರ್ಷ ನಾನು ಕನಿಕರದಿಂದ ನೋಡುತ್ತಿದ್ದ ಹೊಗೆ ಅದೇ.

ಮ್ಯಾಗ್ನೆಟ್ ಕಡೆಯ ಸೀಲನ್ನು ಹೊರಗಿನಿಂದಲೇ ಬದಲಿಸಬಹುದು, ಕ್ಲಚ್ ಕಡೆಯದಕ್ಕೆ ಕೇಸ್ ಎರಡು ಹೋಳಾಗಲೇಬೇಕು. ಹೇಗೂ ಹೋಳಾಯಿತಲ್ಲ ಎಂದು ಬೇರಿಂಗುಗಳನ್ನೂ ಬದಲಿಸಿದೆ. ಕೇಸ್‌ನ ಗಾಳಿದಾರಿಯ ಬಾಯಿಗೂ ಸಿಲಿಂಡರಿನ ಕಿಂಡಿಗೂ ನಡುವೆ ಹೊಸ್ತಿಲಿನಂತೆ ಎದ್ದಿದ್ದ ಅಂಚನ್ನು, ಗ್ಯಾಸ್ಕೆಟ್ಟನ್ನೇ ಅಚ್ಚಾಗಿಟ್ಟು ಗೆರೆ ಎಳೆದು, ಅರ ಹಾಕಿ ತೆಗೆದೆ. ಗೆರೆ ದಾಟಿ ಉಜ್ಜಲಿಲ್ಲ. ಪೆಟ್ರೋಲ್ ಟ್ಯಾಂಕಿನೊಳಗಿನ ಕಾಕ್ ತೆಗೆದರೆ ಅದರ ಜಾಲರಿಯ ಮುಕ್ಕಾಲು ಭಾಗವನ್ನು ತುಕ್ಕಿನ ಕೆಸರು ಮುಚ್ಚಿತ್ತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಹಾಳುಮಾಡುತ್ತದೆ, ಜೊತೆಗೆ ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಹೆಚ್ಚು ಪ್ರಮಾಣ ಬೇಕು. ಹಳೆಯ ಜೆಟ್ ಇಟ್ಟುಕೊಂಡ ಹಳೆಯ ಗಾಡಿಗಳಲ್ಲಿ ಮಿಶ್ರಣ ತೆಳ್ಳಗಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಸೈಲೆನ್ಸರ್. ಅದರೊಳಗೆ ಮೂವತ್ತು ವರ್ಷದ ಟು-ಟಿ ಆಯಿಲಿನ ಮಸಿ ಗಟ್ಟಿಯಾಗಿ ಕೂತಿತ್ತು. ಕಾಸ್ಟಿಕ್ ಸೋಡಾದಲ್ಲಿ ನೆನೆಸುವವರಿದ್ದಾರೆ. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಇದೆ. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಕೆಂಡದ ನಡುವೆ ಸೈಲೆನ್ಸರನ್ನು ತಳ್ಳಿ, ಮೇಲೆ ಅಡಿಕೆ ಸಿಪ್ಪೆ ಸುರಿದೆ. ಸ್ವಲ್ಪ ಹೊತ್ತಿನಲ್ಲಿ ಅದರ ಬಾಲದಿಂದ ಹಳದಿ ಹೊಗೆ, ಆಮೇಲೆ ಬೆಂಕಿಯೇ ಬರತೊಡಗಿತು. ಬಚ್ಚಲಿನಲ್ಲಿ ಮೂರು ದಿನ ಸುಟ್ಟ ಎಣ್ಣೆಯ ನಾತ. ಹೆಂಡತಿ ಆ ಮೂರು ದಿನ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಬಯಲಿನಲ್ಲಿ ಮಾಡಬೇಕಿತ್ತು ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ತಣಿದ ಮೇಲೆ ಮರದ ಸುತ್ತಿಗೆಯಿಂದ ತಟ್ಟಿದರೆ ಒಂದು ಸೇರಿನಷ್ಟು ಬೂದಿ ಮತ್ತು ಹಕ್ಕಳೆ ಸುರಿಯಿತು.

ಕಚ್ಚಿದ ಸಿಲಿಂಡರಿನ ಒಳಮೈಯನ್ನು ಉಜ್ಜಿಸಿ (ಹೋನ್ ಮಾಡಿಸಿ), ಹೊಸ ರಿಂಗ್ ಹಾಕಿ, ಜೆಟ್ಟನ್ನು 116ಕ್ಕೆ ಏರಿಸಿ ಮತ್ತೆ ಇಳಿಸುತ್ತ ಬಂದೆ. ಏರಿನಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುವುದು. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಅಪಾಯ, ಕಾಫಿ ಪುಡಿಯ ಬಣ್ಣ ಬಂದರೆ ಸರಿ. ಆ ಬಣ್ಣ 112ರಲ್ಲಿ ಬಂತು. ನಡುವೆ ಎರಡು ಹಲ್ಲು ಹೆಚ್ಚಿರುವ ಕ್ಲಚ್ ಪಿನಿಯನ್ (ಕ್ಲಚ್ಚಿನ ಹಲ್ಲುಚಕ್ರ) ಹಾಕಿ ನೋಡಿ, ಮೂರನೆಯ ಗೇರಿನಿಂದ ನಾಲ್ಕಕ್ಕೆ ಹೋದೊಡನೆ ಎಂಜಿನ್ ಸೊರಗುವುದನ್ನು ಕಂಡು ತೆಗೆದುಹಾಕಿದೆ. ಬಯಲುಸೀಮೆಯ ನೇರ ರಸ್ತೆಗೆ ಅದು ಸರಿಯಿರಬಹುದು. ಅಕ್ಕಿ ಮೂಟೆಯೊಂದಿಗೆ ಅಂಗಳ ಮುಟ್ಟಲು ಈಗ 1 ನಿಮಿಷ 58 ಸೆಕೆಂಡು.

2025ರಲ್ಲಿ ಆರ್.ಸಿ. ನವೀಕರಣದ ಸರದಿ ಬಂತು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕಲ್ಲ. ಅದಕ್ಕಾಗಿ 177ನ್ನು ಕಳಚಿ, ಅಟ್ಟದ ಮೇಲಿದ್ದ ಅಪ್ಪನ ಕಾಲದ ಸಿಲಿಂಡರನ್ನು ಇಳಿಸಿದೆ. ಸವೆದಿತ್ತು. ಮೊದಲ ಓವರ್‌ಸೈಜ್ (ಒಂದಳತೆ ದೊಡ್ಡ) ಪಿಸ್ಟನ್‌ಗೆ ಬೋರ್ ಹೊಡೆಸಿ, ಕಿಂಡಿಗಳ ಮಸಿ ಕೆರೆದು, ಜೆಟ್ 102 ಹಾಕಿದೆ. ತಪಾಸಣೆ ಮುಗಿದ ಮೇಲೆ ಕುತೂಹಲಕ್ಕೆಂದು ಅದೇ ಮೂಟೆಯೊಂದಿಗೆ ಅದೇ ಏರನ್ನು ಹತ್ತಿಸಿದೆ. 2 ನಿಮಿಷ 9 ಸೆಕೆಂಡು.

ಗಡಿಯಾರ ಕೆಟ್ಟಿದೆಯೆಂದು ಇನ್ನೆರಡು ಸಲ ಹತ್ತಿದೆ. 2.08, 2.10. ಒಟ್ಟು ಉಳಿತಾಯವಾದ 52 ಸೆಕೆಂಡುಗಳಲ್ಲಿ 41 ಸೆಕೆಂಡು ಸೀಲು, ಮಸಿ, ಜಾಲರಿ, ಸವೆದ ಬೋರ್ ಇವುಗಳಲ್ಲಿ ಸೋರಿಹೋಗಿದ್ದವು. ಇಟಲಿಯ ವಂಶದ ಆ ದೊಡ್ಡ ಹೊಟ್ಟೆ ಸೇರಿಸಿದ್ದು ಹನ್ನೊಂದೇ ಸೆಕೆಂಡು. ಸೀಲು, ಬೇರಿಂಗು, ಪಿಸ್ಟನ್, ಲೇತ್ ಎಲ್ಲ ಸೇರಿದರೂ ಕಿಟ್‌ಗೆ ಕೊಟ್ಟ ಹಣದ ಅರ್ಧವಾಗಿರಲಿಲ್ಲ.

ಬ್ರೇಕ್ ಶೂ ಎರಡೂ ಚಕ್ರಕ್ಕೆ ಹೊಸದು ಹಾಕಿಸಿ, ಕಳೆದ ಮೇ ತಿಂಗಳಲ್ಲಿ ಹೆಬ್ರಿಗೆ ಹೋಗಿದ್ದೆವು. ಘಾಟಿ ಇಳಿಯುವಾಗ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಜಾರುತ್ತಿದ್ದರೆ ಪೆಟ್ರೋಲಿನ ಜೊತೆ ಬರುವ ಆಯಿಲೂ ನಿಲ್ಲುತ್ತದೆ. ಆದ್ದರಿಂದ ಪ್ರತಿ ತಿರುವಿಗೊಮ್ಮೆ ಒಂದಿಷ್ಟು ತಿರುವಿ ಗುಟುಕು ಕೊಡುತ್ತ ಇಳಿದೆ. ಮರಳುವಾಗ ಅತ್ತೆ ಒಂದು ಹಲಸಿನ ಹಣ್ಣು, ಆರು ತೆಂಗಿನಕಾಯಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟರು. ಎತ್ತಿ ನೋಡಲಿಲ್ಲ. ಎಂಟನೆಯ ತಿರುವು ಬಂದಾಗ ಸ್ಕೂಟರ್ ಎರಡನೆಯ ಗೇರಿನಲ್ಲೇ ಇತ್ತು. ಹೆಂಡತಿ ಹಿಂದಿನಿಂದ, "ಇಲ್ಲಿ ಸ್ವಲ್ಪ ನಿಲ್ಲಿಸಿ" ಎಂದಳು. ಏನಾಯಿತೆಂದು ಗಾಬರಿಯಿಂದ ನಿಲ್ಲಿಸಿದೆ. ಕಣಿವೆ ನೋಡಬೇಕಿತ್ತಂತೆ.